ಮಡಲ ತಟ್ಟಿಯ ಹಿಂದಿನ ಕಿಟಕಿ

ಅಂಕೋಲೆಯಲ್ಲಿ ನನ್ನದೊಂದು ಹಲ್ಲಿನ ದವಾಖಾನೆ, ಕಾರವಾರದ ಕೋಡಿಬಾಗದಲ್ಲಿ ಮಾಮನದೊಂದು ಬೇಕರಿ. ತಾನು ಜಿಲ್ಲೆಯ ಹಲ್ಲು ಹಾಳು ಮಾಡುವುದು, ನಾನು ರಿಪೇರಿ ಮಾಡುವುದು, ಹೀಗೆ ಎರಡೂ ಮನೆಯ ಒಲೆ ಉರಿಯುತ್ತಿದೆ ಎಂದು ಅವರೇ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ನನಗಿಂತ ಬಹಳ ದೊಡ್ಡವರು, ಹಾಗಾಗಿ ನಾನು ಮಾಮ ಎನ್ನುತ್ತೇನೆ. ಅವರಿಗೆ ನಾನು ಡಾಕ್ಟ್ರಬಾಯಿ, ಚುಟುಕಾಗಿ ಬಾಯಿ. ಆದರೆ ನಮ್ಮ ನಂಟು ಹಲ್ಲಿನದೂ ಅಲ್ಲ, ಕೇಕಿನದೂ ಅಲ್ಲ. ನಾವಿಬ್ಬರೂ ಆಟದ ರೈಲಿನ ಹಳಿ ಪಕ್ಕ ಮನೆ ಕಟ್ಟುವವರು.

ನಗಬೇಡಿ. ಇದು ಮಕ್ಕಳಾಟ ಎಂದವರ ಹಲ್ಲನ್ನು ನಾನು ಸ್ವಲ್ಪ ಜೋರಾಗಿಯೇ ಕೀಳುತ್ತೇನೆ. ಪುಟ್ಟ ರೈಲು, ಪುಟ್ಟ ಹಳಿ ದುಡ್ಡು ಕೊಟ್ಟರೆ ಸಿಗುತ್ತವೆ. ಯಾವುದೋ ದೇಶದ ಚೂಪು ಗೋಪುರದ ಚರ್ಚು ಕೂಡ ಡಬ್ಬಿಯಲ್ಲಿ ಬರುತ್ತದೆ, ಅಂಟಿಸಿದರಾಯಿತು. ಆದರೆ ನಮ್ಮ ಕಡೆಯ ಕೆಂಪು ಚಿರೇಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಜಗಲಿ, ಬಟ್ಟೆ ಒಗೆಯುವ ಕಲ್ಲು ಯಾವ ಡಬ್ಬಿಯಲ್ಲೂ ಇಲ್ಲ. ಬೇಕೆಂದರೆ ಕೈಯಿಂದಲೇ ಮಾಡಿಕೊಳ್ಳಬೇಕು. ನಿಜದ ಎಂಬತ್ತೇಳು ಅಡಿ ನಮ್ಮಲ್ಲಿ ಒಂದಡಿ. ಬಾಗಿಲೆಂದರೆ ಕಿರುಬೆರಳಿನ ಒಂದು ಗೆಣ್ಣು, ಕಿಟಕಿಯೆಂದರೆ ಹೆಬ್ಬೆರಳಿನ ಉಗುರು.

ಮಾಮ ನನಗೆ ಸಿಕ್ಕಿದ್ದು ನನ್ನದೇ ಕುರ್ಚಿಯಲ್ಲಿ, ಬಾಯಿ ತೆರೆದ ಸ್ಥಿತಿಯಲ್ಲಿ. ಕಾರವಾರದ ಹಲ್ಲಿನ ಡಾಕ್ಟರರೆಲ್ಲ ಅವರ ಬೇಕರಿಯ ಗಿರಾಕಿಗಳು, ಅವರ ಮುಂದೆ ಹುಳುಕು ತೋರಿಸಲು ನಾಚಿಕೆಯೆಂದು ಅಂಕೋಲೆಗೆ ಬಂದಿದ್ದರು. ಹಲ್ಲಿನ ಅಚ್ಚುಗಳ ಸಾಲಿನಲ್ಲಿ ನಾನು ಒಣಗಲು ಇಟ್ಟಿದ್ದ ಒಂದು ಪುಟ್ಟ ಮಾಡಿನತ್ತ ಬೆರಳು ತೋರಿಸಿ ಏನೋ ಊಂಗುಟ್ಟತೊಡಗಿದರು. ನೋವೇ ಎಂದರೆ ಅಲ್ಲ. ಉಗುಳಬೇಕೇ ಎಂದರೆ ಅದೂ ಅಲ್ಲ. ಬಾಯಿ ಮುಕ್ಕಳಿಸಿದ ಕೂಡಲೇ ಹೇಳಿದರು, “ಬಾಯಿ, ಆ ನೆತ್ತಿ ಹೆಂಚು ಉಲ್ಟಾ ಕೂಡ್ಸೀರಿ. ಮೊದಲ ಮಳೆಗೇ ಸೋರ್ತದೆ ನೋಡ್ರಿ.”

ಅವರು ಹೋದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಹೌದು, ಉಲ್ಟಾ. ಮೈಯೆಲ್ಲ ಉರಿದುಹೋಯಿತು. ಮುಂದಿನ ಭಾನುವಾರವೇ ಕೋಡಿಬಾಗಕ್ಕೆ ಹೋಗಿ, ಬೇಕರಿಯ ಮೇಲಿನ ಕೋಣೆಯಲ್ಲಿ ಅವರು ಹಾಸಿದ್ದ ಕಾರವಾರದಿಂದ ಅಂಕೋಲೆಯವರೆಗಿನ ಹಳಿಯನ್ನೂ ಅದರ ಪಕ್ಕದ ಮನೆಗಳನ್ನೂ ಹಲ್ಲು ಪರೀಕ್ಷೆ ಮಾಡಿದ ಹಾಗೆ ಪರೀಕ್ಷಿಸಿ ಬಂದೆ. ಅಲ್ಲಿಂದ ಶುರು.

ವರ್ಷಕ್ಕೊಂದು ಕಟ್ಟಡ. ಇಬ್ಬರೂ ಒಟ್ಟಿಗೆ ಹೋಗಿ ಅಳೆಯುವುದು, ಬೇರೆಬೇರೆಯಾಗಿ ಕಟ್ಟುವುದು, ದೀಪಾವಳಿ ಕಳೆದ ಮೇಲೆ ಕೋಡಿಬಾಗದ ಮೇಜಿನ ಮೇಲೆ ಅಕ್ಕಪಕ್ಕ ಇಡುವುದು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಮೂರು ತಪ್ಪಿನವರೆಗೆ ತೋರಿಸಬಹುದು. ಮಾಮನ ಹೆಂಡತಿ, ಅಂದರೆ ಮಾಮಿ, ಒಪ್ಪಿದರೆ ಮಾತ್ರ ಅದು ತಪ್ಪು. ಕಡಿಮೆ ತಪ್ಪಿನವರಿಗೆ ಗಾರ್ಡ್ ಬೀಸುವಂಥ ಹಸಿರು ಬಾವುಟ. ಅದು ಮಾಮಿಯೇ ರವಿಕೆ ಬಟ್ಟೆಯಲ್ಲಿ ಹೊಲಿದದ್ದು. ಸಮ ಬಂದರೆ ಬಾವುಟ ಇದ್ದವರ ಹತ್ತಿರವೇ ಉಳಿಯುತ್ತದೆ. ಮಿಕ್ಕ ಎರಡು ನಿಯಮ ಮಾಮನವು. ಕಟ್ಟುವಾಗ ಇನ್ನೊಬ್ಬರ ಕೈ ತಾಗಬಾರದು. ಮತ್ತೆ, ಕಾಣದ ಜಾಗವನ್ನೂ ಕಟ್ಟಬೇಕು. ಗೋಡೆಯ ಹಿಂಬದಿ ಎಂದು ಖಾಲಿ ರಟ್ಟು ಬಿಟ್ಟರೆ ಅವರ ಪ್ರಕಾರ ಅದು ಕಳ್ಳತನ.

ಆ ಕಾಣದ ಜಾಗ ನೋಡಲು ನನ್ನ ಬಳಿ ಆಯುಧವಿತ್ತು. ಮಕ್ಕಳ ಬಾಯಿಗೆ ಹಾಕುವ ಅತಿ ಸಣ್ಣ ಕನ್ನಡಿಯನ್ನು ಬಾಗಿಲಲ್ಲಿ ತೂರಿಸಿ ಒಳಗೋಡೆ, ಅಟ್ಟ, ಎಲ್ಲ ನೋಡುತ್ತಿದ್ದೆ. “ಡಾಕ್ಟ್ರಬಾಯಿ ದಾಡೆ ನೋಡುಕೆ ಬಂದ್ರು” ಎಂದು ಮಾಮ ಗೊಣಗುವರು. ಹಲ್ಲಿನ ಅಚ್ಚಿನ ಪ್ಲಾಸ್ಟರಿನಲ್ಲಿ ನಾನು ಚಿರೇಕಲ್ಲು ಕೆತ್ತುವುದು ಮೋಸ ಎಂದೂ ತಕರಾರು ತೆಗೆದಿದ್ದರು. ಅದಕ್ಕೆ ಎದುರಾಗಿ ಅವರು ರಸ್ಕಿನ ಪುಡಿ ಅಂಟಿಸಿ ಚಿರೇಕಲ್ಲು ಮಾಡಿದರು. ಬಣ್ಣ, ತೂತು, ಒರಟು ಎಲ್ಲ ಥೇಟ್. ನಾನು ಹೊಟ್ಟೆಕಿಚ್ಚಿನಿಂದ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಮಾಮಿಯ ಫೋನು: ಇರುವೆಗಳು ಇಡೀ ಮನೆಯನ್ನು ಹೊತ್ತುಕೊಂಡು ಹೋಗಿದ್ದವು, ಮಾಡು ಮಾತ್ರ ನೆಲದ ಮೇಲೆ ಕೂತಿತ್ತು. ಆ ದಿನ ನಾನು ಬಂದ ರೋಗಿಗಳಿಗೆಲ್ಲ ಚಹಾ ಕೊಡಿಸಿದೆ.

ಅವರಿಗಿದ್ದ ದೊಡ್ಡ ವಿದ್ಯೆ ಎಂದರೆ ಕಿಟಕಿಯ ಸರಳು. ನಾನು ಹಲ್ಲಿಗೆ ಬಿಗಿಯುವ ತಂತಿ ತುಂಡರಿಸಿ ಸರಳು ಕೂರಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಮಾಮ ಕೇಕಿನ ಮೇಲೆ ಹೆಸರು ಬರೆಯುವ ಬೆಣ್ಣೆಕಾಗದದ ಕೊಳವೆಗೇ ಗಟ್ಟಿ ಬಣ್ಣ ತುಂಬಿ, ಉಸಿರು ಹಿಡಿದು, ಕೂದಲಿನಷ್ಟು ಸಣ್ಣ ಸರಳನ್ನು ಒಂದೊಂದಾಗಿ ಎಳೆದುಬಿಡುತ್ತಿದ್ದರು. ಅದರಲ್ಲಿ ಅವರನ್ನು ಸೋಲಿಸಲು ನನ್ನಿಂದ ಯಾವತ್ತೂ ಆಗಿಲ್ಲ. ಆದರೂ ನಾನು ಹೇಳುತ್ತಿದ್ದದ್ದು “ಅಡ್ಡಿಲ್ಲ” ಎಂದಷ್ಟೇ. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ, ಅದನ್ನೂ ನಾವು ಕೈ ಬಿಗಿಹಿಡಿದೇ ಕೊಡುವುದು.

ಕಳೆದ ವರ್ಷಕ್ಕೆ ಆರಿಸಿದ್ದು ಹಾರವಾಡ ಸ್ಟೇಷನ್ನಿನ ದಾರಿಯ ಒಂದು ಹೆಂಚಿನ ಮನೆ. ಅಂಕೋಲೆಗೂ ಕಾರವಾರಕ್ಕೂ ನಡುವಿನ ಊರು, ಯಾರ ಪಕ್ಷಪಾತವೂ ಬೇಡ ಎಂದು. ಟೇಪಿನ ಒಂದು ತುದಿ ನಾನು, ಇನ್ನೊಂದು ತುದಿ ಮಾಮ ಹಿಡಿದು ಜಗಲಿ ಅಳೆಯುತ್ತಿದ್ದಾಗ ಒಳಗಿನಿಂದ ಒಬ್ಬ ಅಜ್ಜಿ ಕಡೆಗೋಲು ಹಿಡಿದೇ ಓಡಿಬಂದರು. “ಮತ್ತೆ ರಸ್ತೆ ಅಗಲ ಮಾಡ್ತ್ರಾ? ಮೊನ್ನೆ ಮೊನ್ನೆ ಗದ್ದೆ ತಕಂಡ್ರಿ, ಈಗ ಮನೇನೂ ಬೇಕಾ ನಿಮಗೆ?”

ಹೆದ್ದಾರಿಯವರಲ್ಲ, ಆಟದ ಮನೆ ಮಾಡುವವರು ಎಂದು ನಂಬಿಸುವುದರಲ್ಲಿ ನಮ್ಮ ಗಂಟಲು ಒಣಗಿತು. ನಂಬಿದ ಮೇಲೆ ಅಜ್ಜಿಯೇ ಮಜ್ಜಿಗೆ ಕೊಟ್ಟರು. ಮಾಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಅಂಗಿಯ ಮೇಲೆ ಸ್ವಲ್ಪ ಚೆಲ್ಲಿತು. ಅಜ್ಜಿಯ ಮಜ್ಜಿಗೆಗೆ ಗೌರವ ಎಂದುಕೊಂಡೆನೇ ಹೊರತು ನನಗೆ ಬೇರೇನೂ ಹೊಳೆಯಲಿಲ್ಲ. ಅಳತೆಯ ಟೇಪು ಸುತ್ತುವಾಗ ಅಜ್ಜಿ ಕೇಳಿದರು, “ಅಷ್ಟು ಸಣ್ಣ ಮನೆ ಮಾಡಿ ಅದ್ರಲ್ಲಿ ಉಳಿಯೂದು ಯಾರು?”

ಮಳೆಗಾಲದಲ್ಲಿ ನನ್ನ ಅಮ್ಮನ ಹುಟ್ಟುಹಬ್ಬಕ್ಕೆ ಮಾಮನ ಬೇಕರಿಯಿಂದ ಕೇಕು ತರಿಸಿದೆ. ಪ್ರತಿ ವರ್ಷ ಅಮ್ಮನ ಹೆಸರು ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಈ ಸಲ ಬರೀ ಗುಲಾಬಿ ಹೂ, ಅಕ್ಷರವೇ ಇಲ್ಲ. ಮರೆತಿರಾ ಎಂದು ಫೋನಿನಲ್ಲಿ ಕೆಣಕಿದೆ. “ಈಗಿನ ಫ್ಯಾಶನ್ನು ಹಾಂಗೇ ಬಾಯಿ” ಎಂದರು. ಅಮ್ಮ ಮಾತ್ರ ಫ್ಯಾಶನ್ನಿಗೆ ಒಪ್ಪದೆ ಮುಖ ಊದಿಸಿಕೊಂಡು ತಿಂದಳು.

ದೀಪಾವಳಿ ಕಳೆಯಿತು. ನನ್ನ ಹಾರವಾಡದ ಮನೆಯನ್ನು ಕೇಕಿನ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ಹೋದೆ. ಯಾರ ಬರ್ತ್‌ಡೇ ಎಂದು ಕಂಡಕ್ಟರ್ ಕೇಳಿದ. ಸತ್ಯ ಹೇಳಿದರೆ ಕಾರವಾರಕ್ಕೆ ಮುಂಚಿನ ಬಿಣಗದವರೆಗೂ ವಿವರಿಸಬೇಕಾಗುತ್ತದೆ ಎಂದು ನನ್ನದೇ ಎಂದುಬಿಟ್ಟೆ. ಆ ಸಲ ಗೆಲ್ಲುತ್ತೇನೆಂಬ ಧೈರ್ಯವಿತ್ತು. ಬಾವುಟ ಎರಡು ವರ್ಷದಿಂದ ಕೋಡಿಬಾಗದ ಗೋಡೆಯಲ್ಲಿ ನೇತಾಡುತ್ತಿತ್ತು, ನನಗೆ ಅದನ್ನು ನೋಡಿದರೇ ಪಿತ್ತ ಕೆರಳುತ್ತಿತ್ತು.

ಮೇಜಿನ ಮೇಲಿನ ಅವರ ಮನೆ ನೋಡಿದ್ದೇ ಧೈರ್ಯ ಇಳಿಯಿತು. ನಾನು ಕಟ್ಟಿದ್ದು ಬಿಸಿಲಿನ ಮನೆ. ಅವರು ಕಟ್ಟಿದ್ದು ಆಷಾಢದ ಮನೆ. ಮಾಡಿನ ಮೇಲೆ ಪಾಚಿ, ಅಂಗಳದಲ್ಲಿ ನೀರಿನ ಹೊಳಪು, ಮತ್ತೆ ಜಗಲಿಯ ಸುತ್ತ ಮಳೆಯ ಇರಿಚಲು ತಡೆಯಲು ನಾವೆಲ್ಲ ಕಟ್ಟುವ ಮಡಲ ತಟ್ಟಿ, ತೆಂಗಿನ ಗರಿ ಹೆಣೆದ ಪರದೆ, ಮಾಡಿನ ಅಂಚಿನಿಂದ ನೆಲದವರೆಗೆ. ಇಷ್ಟು ಸಣ್ಣದಾಗಿ ಹೆಣೆದಿರುವುದು ಹೇಗೆಂದು ಬಗ್ಗಿ ನೋಡಿದೆ. ಹೆಣೆದದ್ದೇ ಅಲ್ಲ. ತೆಂಗಿನ ಮರದ ಕುತ್ತಿಗೆಗೆ ಬಟ್ಟೆಯ ಹಾಗೆ ಸುತ್ತಿಕೊಂಡಿರುವ ನಾರನ್ನು ಕತ್ತರಿಸಿ ತೂಗಿಬಿಟ್ಟಿದ್ದರು. ನಮ್ಮ ಅಂಗಳದಲ್ಲೂ ದಿನಾ ಉದುರುವ ಕಸ, ನನಗೇಕೆ ಹೊಳೆಯಲಿಲ್ಲ ಎಂದು ತಲೆ ಚಚ್ಚಿಕೊಳ್ಳುವಂತಾಯಿತು.

ತಪ್ಪು ಹುಡುಕುವ ಕೆಲಸ ಶುರುವಾಯಿತು. ನನ್ನದರಲ್ಲಿ ಅವರು ಎರಡು ಹೇಳಿದರು: ಹಿಂಬಾಗಿಲಿಗೆ ಚಿಲಕವಿಲ್ಲ, ಒಗೆಯುವ ಕಲ್ಲು ಬಾವಿಯಿಂದ ದೂರ. ಮಾಮಿ ಎರಡನ್ನೂ ಒಪ್ಪಿದರು. ಅವರದರಲ್ಲಿ ನಾನೂ ಎರಡು ಹೇಳಿದೆ: ಅಷ್ಟು ಮಳೆಯಲ್ಲಿ ಹಗ್ಗದ ಮೇಲೆ ಸೀರೆ ಒಣಗಲು ಹಾಕಿದೆ, ಕೋಳಿ ಅಂಗಳದಲ್ಲಿದೆ. ಮಾಮಿ ನಕ್ಕು ಅದನ್ನೂ ಒಪ್ಪಿದರು. ಸಮ ಸಮ. ಇನ್ನೊಂದು ಸಿಗದಿದ್ದರೆ ಬಾವುಟ ಅಲ್ಲೇ ಉಳಿಯುತ್ತದೆ.

ಕನ್ನಡಿ ತೆಗೆದು ತಟ್ಟಿಯ ಪಕ್ಕದಿಂದ ಜಗಲಿಯೊಳಗೆ ತೂರಿಸಿದೆ. ಕಿಟಕಿ ಕಂಡಿತು. ತಟ್ಟಿಯ ಹಿಂದೆ ಯಾರೂ ನೋಡುವುದಿಲ್ಲವೆಂದು ಬಿಟ್ಟಿರಲಿಲ್ಲ, ಎಲ್ಲ ಕಿಟಕಿಯನ್ನೂ ಮಾಡಿದ್ದರು. ಒಂದೊಂದರಲ್ಲೂ ಸರಳು ಎಳೆದಿದ್ದರು. ಒಂದೂ ನೆಟ್ಟಗಿರಲಿಲ್ಲ. ಅಲುಗಿ, ಹೊರಳಿ, ಕೆಲವು ಒಂದರ ಮೇಲೊಂದು ಹತ್ತಿ, ಕೆಲವು ಒರೆಸಿ ಮತ್ತೆ ಎಳೆದವು. ಆ ಕೈ ಹೀಗೆ ಎಳೆಯುವ ಕೈಯಲ್ಲ. ಮಜ್ಜಿಗೆಯ ಲೋಟ, ಅಕ್ಷರವಿಲ್ಲದ ಕೇಕು, ಹೆಣೆಯುವ ಕೆಲಸವೇ ಇಲ್ಲದ ಆ ತಟ್ಟಿ, ಎಲ್ಲ ಒಮ್ಮೆಗೇ ಅರ್ಥವಾಯಿತು. ಕೈಕೆಲಸದಿಂದಲೇ ಅನ್ನ ಸಂಪಾದಿಸುವವಳು ನಾನು. ನನ್ನ ಕೈಗೇ ಹಾಗಾಯಿತೇನೋ ಎಂಬಂತೆ ಕನ್ನಡಿಯನ್ನು ಮೆಲ್ಲಗೆ ಹೊರಗೆಳೆದೆ.

ತಲೆ ಎತ್ತಿದೆ. ಮಾಮ ಎರಡೂ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದರು. ಮಾಮಿ ನನ್ನನ್ನೇ ನೋಡಿ ಮೆಲ್ಲಗೆ ತಲೆಯಾಡಿಸಿದರು, ಬೇಡ ಎಂದು.

“ಮೂರನೇದು ಅದ್ಯಾ ಬಾಯಿ?” ಮಾಮ ಕೇಳಿದರು.

ಇಲ್ಲ ಎನ್ನುವುದು ಸುಲಭವಿತ್ತು. ಇಷ್ಟು ತಿಂಗಳು ನನಗೆ ಹೇಳದೆ ಮುಚ್ಚಿಟ್ಟರಲ್ಲ ಎಂದು ಸಿಟ್ಟೂ ಬಂತು. ಇವರು ಇದನ್ನೆಲ್ಲ ಬಿಟ್ಟುಬಿಟ್ಟರೆ ನಾನು ಇನ್ನು ಯಾರ ಜೊತೆ ಜಗಳ ಕಾಯಲಿ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ಆದರೆ ಅವರು ಕೇಳಿದ ರೀತಿ ನೋಡಿದೆ. ಅದು ಬಿಡಿ ಎಂದು ಬೇಡುವವರ ದನಿಯಲ್ಲ. ಕಾಣದ ಜಾಗದಲ್ಲಿ ಅಷ್ಟೂ ಕಿಟಕಿ ಮಾಡಿಟ್ಟವರು, ನನ್ನ ಬಳಿ ಕನ್ನಡಿ ಇದೆಯೆಂದು ಗೊತ್ತಿದ್ದೇ ಮಾಡಿಟ್ಟಿದ್ದರು.

“ಅದೆ” ಎಂದೆ. “ಕಿಟಕಿ ಸರಳು ಸೊಟ್ಟ. ಎಲ್ಲವೂ.”

ಮಾಮಿಯ ಮುಖ ಬಾಡಿತು. “ಬಾಯಿ, ಅವ್ರಿಗೆ ಕೈ...”

“ನೀ ಸುಮ್ನಿರೆ” ಎಂದರು ಮಾಮ. “ತಪ್ಪು ಹೌದೋ ಅಲ್ವೋ, ಅಷ್ಟು ಹೇಳು.”

ಮಾಮಿ ಹೌದು ಎಂದರು. ಮಾಮ ಮೇಜಿನ ಕೆಳಗಿನಿಂದ ಕೈ ಹೊರಗೆ ತಂದು ಎಲ್ಲರೆದುರು ಮೇಜಿನ ಮೇಲಿಟ್ಟರು. ಬಲಗೈ ತನ್ನಷ್ಟಕ್ಕೆ ನಡುಗುತ್ತಿತ್ತು.

“ಡಾಕ್ಟ್ರು ಗುಳಿಗೆ ಕೊಟ್ಟಾರೆ. ಕಡಿಮೆ ಆಗ್ತದೆ, ಹೋಗೂದಿಲ್ಲ ಹೇಳ್ತ್ರು” ಎಂದರು. “ನೋಡ್ರಿ ಬಾಯಿ, ಈಗ ಎಲ್ಲರೂ ನನಗೆ ಸುಳ್ಳು ಹೇಳ್ತ್ರು. ಕೇಕು ಚಂದ ಅದೆ, ಅಕ್ಷರ ಯಾರಿಗೆ ಬೇಕು ಹೇಳ್ತ್ರು. ನೀವೂ ಇವತ್ತು ತಪ್ಪಿಲ್ಲ ಹೇಳಿದ್ರೆ, ಈ ಹಳಿಯೆಲ್ಲ ಕಟ್ಟಿ ಅಟ್ಟಕ್ಕೆ ಹಾಕ್ತಿದ್ದೆ.”

ನನಗೆ ಅಳು ಬಂತು, ಬಂದದ್ದನ್ನು ಮುಚ್ಚಿಡಲೂ ಹೋಗಲಿಲ್ಲ. ಮಾಮ ತಾವೇ ಗೋಡೆಯಿಂದ ಬಾವುಟ ಬಿಚ್ಚಿದರು. ಗಂಟು ಬಿಚ್ಚಲು ಹೊತ್ತು ಹಿಡಿಯಿತು, ನಾವಿಬ್ಬರೂ ಸಹಾಯಕ್ಕೆ ಹೋಗದೆ ಕೂತಿದ್ದೆವು. ಮುಂದಿನ ಕಟ್ಟಡ ಆರಿಸುವ ಸರದಿ ಸೋತವರದು. “ಬೇಲೆಕೇರಿದು ಒಂದು ಮನೆ ಮಾಡ್ವ. ಬೇಸಿಗೆ. ತಟ್ಟಿ ಇಲ್ಲ, ಕಿಟಕಿ ಎಲ್ಲ ಬಯಲಿಗೆ” ಎಂದರು. ಆಮೇಲೆ ಕೆಳಗೆ ಬೇಕರಿಗೆ ಇಳಿದು ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಕೈಯಲ್ಲಿ ದಾರ ಕಟ್ಟಿದ ಒಂದು ಡಬ್ಬಿ ಇತ್ತು, ಮನೆಯಲ್ಲಿ ಬಿಚ್ಚಿರಿ ಎಂದರು.

ಬಸ್ಸಿನಲ್ಲಿ ಅದೇ ಕಂಡಕ್ಟರ್. ಮತ್ತೊಂದು ಕೇಕಾ ಎಂದ. ಹೌದು, ಈ ಸಲ ನಿಜವಾದ್ದು ಎಂದೆ.

ಮನೆಯಲ್ಲಿ ಅಮ್ಮನೆದುರು ಡಬ್ಬಿ ಬಿಚ್ಚಿದೆ. ಸಣ್ಣ ಬಿಳಿ ಕೇಕು, ಹೂವಿಲ್ಲ. ಮೇಲೆ ಕೆಂಪು ಸಕ್ಕರೆಯಲ್ಲಿ ಒಂದೇ ಮಾತು ಬರೆದಿದ್ದರು: ಅಡ್ಡಿಲ್ಲ. ಅಕ್ಷರ ಏರಿ ಇಳಿದು, ಕೊನೆಯದು ಅಂಚಿಗೆ ಹೋಗಿ ಅರ್ಧ ಕೆಳಗೆ ಜಾರಿತ್ತು. ಕೊಯ್ಯುವ ಮೊದಲು ಫೋನ್ ಮಾಡಿದೆ.

“ಮಾಮ, ಕಡೆಯ ಅಕ್ಷರ ಸೊಟ್ಟ ಅದೆ.”

ಆಚೆ ಕಡೆ ಮಾಮ ಮಾಮಿಗೆ ಕೂಗಿ ಹೇಳುವುದು ಕೇಳಿಸಿತು, “ನಾ ಹೇಳ್ಲಿಲ್ವ, ಅವ್ರು ಬಿಡೂದಿಲ್ಲ ಅಂತ!”