ಮಕ್ತುಂಬೀ ಹೇಳಿದ ಸೀರಿಯಲ್ಲು

ಮಸ್ಕಿಯಲ್ಲಿ ಯಾವ ಮನೆಯ ಹೆಣ್ಣುಮಗಳ ಕೈಗೆ ಯಾವ ಅಳತೆಯ ಬಳೆ ಕೂಡುತ್ತದೆ ಎಂಬುದನ್ನು ಬಳೆಗಾರ್ತಿ ಮಕ್ತುಂಬೀ ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು. ಗಂಡ ಕರೀಂಸಾಬ್ ತೀರಿಕೊಂಡಾಗ ಅವಳಿಗೆ ಇಪ್ಪತ್ತಾರು. ಮಕ್ಕಳಿರಲಿಲ್ಲ. ಗಂಡ ಸತ್ತವಳು ಹೊಸಿಲು ದಾಟಬಾರದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕೂತು, ಅದು ಮುಗಿದ ಮರುದಿನವೇ ಗಂಡನ ಬಳೆಯ ಮಲಾರವನ್ನು ತನ್ನ ಹೆಗಲಿಗೇರಿಸಿ ಹೊರಬಿದ್ದಳು. ಸಿಂಧನೂರಿಗೆ ಹೋಗಿ ಮಾಲು ತರುವುದು, ಮಸ್ಕಿಯ ಓಣಿ ಓಣಿ ತಿರುಗುವುದು, ಮದುವೆ ಇದ್ದರೆ ಲಿಂಗಸುಗೂರಿನವರೆಗೂ ಹೋಗಿ ಬರುವುದು. ಯಾರ ಹಂಗಿನಲ್ಲೂ ಇರಲಿಲ್ಲ ಹೆಂಗಸು.

ಬಳೆ ಇಡುವವರ ಬಾಯಿಗೆ ಒಂದು ಕಟ್ಟಳೆ ಇದೆ. ಹೆಣ್ಣುಮಗಳ ಕೈ ಹಿಡಿದು ಕೂತಾಗ ಕೆಟ್ಟ ಮಾತು ಹೊರಡಬಾರದು. ಬಳೆ ಒಡೆದರೆ ಒಡೆಯಿತು ಅನ್ನುವಂತಿಲ್ಲ, ಹೆಚ್ಚಾಯಿತು ಅನ್ನಬೇಕು. ಸಾವು, ಬರಿಗೈ, ಬಿಟ್ಟುಹೋದದ್ದು, ಇಂಥ ಶಬ್ದಗಳನ್ನು ಮಕ್ತುಂಬೀ ಇಪ್ಪತ್ತು ವರ್ಷ ನಾಲಿಗೆಯ ಮೇಲೆ ತಂದಿರಲಿಲ್ಲ. ತನ್ನ ಕೈ ಬರಿದಾಗಿದ್ದರೂ ಊರ ಕೈಗಳಿಗೆಲ್ಲ ಒಳ್ಳೆಯದನ್ನೇ ಹೇಳುತ್ತ ಬಂದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವಳು ಮಾಡಿದ ತಪ್ಪು ಈ ಕಟ್ಟಳೆಯ ಹೊಟ್ಟೆಯಲ್ಲೇ ಹುಟ್ಟಿದ್ದು.

ಎಂಬತ್ತಾರರಲ್ಲಿ ಕಾಳಿನ ವ್ಯಾಪಾರಿ ಅಮರಗುಂಡಪ್ಪ ಸಿಂಧನೂರಿನಿಂದ ಟೀವಿ ತಂದು ಪಡಸಾಲೆಯಲ್ಲಿಟ್ಟ. ಪ್ರತಿ ಮಂಗಳವಾರ ರಾತ್ರಿ ಊಟದ ಹೊತ್ತಿಗೆ ಅದರಲ್ಲಿ ಒಂದು ಹಿಂದಿ ಸೀರಿಯಲ್ಲು ಬರುತ್ತಿತ್ತು. ಅದರ ಸೊಸೆಯ ಹೆಸರು ಸುಲಕ್ಷಣಾ. ನಮ್ಮ ಹೆಂಗಸರು ಎರಡೇ ವಾರದಲ್ಲಿ ಅವಳನ್ನು ಸುಲಕ್ಕ ಮಾಡಿಕೊಂಡರು. ಓಣಿಯ ಇಪ್ಪತ್ತು ಮಂದಿ ಬಂದು ಕೂಡುತ್ತಿದ್ದರು. ಸುಲಕ್ಕ ಅತ್ತರೆ ಇವರೂ ಅಳುತ್ತಿದ್ದರು, ಯಾಕೆ ಅತ್ತಳೆಂದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಟೀವಿ ತಂದ ಅಮರಗುಂಡಪ್ಪ ಭಾಷೆ ತಂದಿರಲಿಲ್ಲ ನೋಡಿ. ಕಡೆಗೆ ಅವನ ಹೆಂಡತಿ ಕಸ್ತೂರೆಮ್ಮ ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಮಕ್ತುಂಬೀಯನ್ನು ಕೂಗಿದಳು.

"ಏ ಮಕ್ತುಂಬೀ, ನಿಮ್ಮ ಮಾತು ಹಿಂಗ ಇರ್ತೈತಲ್ಲ? ಒಳಗ ಬಾ. ಆಕಿ ಏನಂತಾಳ ಹೇಳು."

ಇಪ್ಪತ್ತು ವರ್ಷ ಆ ಮನೆಯ ಕಟ್ಟೆಯ ಮೇಲೇ ಬಳೆ ಇಟ್ಟು, ಬೇರೆ ಇಟ್ಟಿದ್ದ ಬಟ್ಟಲಲ್ಲಿ ಚಹಾ ಕುಡಿದು ಎದ್ದು ಹೋಗುತ್ತಿದ್ದವಳು ಅಂದು ಪಡಸಾಲೆಗೆ ಬಂದು ಟೀವಿಯ ಪಕ್ಕದ ಕಂಬಕ್ಕೆ ಒರಗಿ ಕೂತಳು. ಮುಂದಿನ ತಿಂಗಳು ಚಹಾದ ಬಟ್ಟಲೂ ಎಲ್ಲರದರ ಜೊತೆಗೇ ಬಂತು. ಆ ಜಾಗದ ಮೇಲೆ ಅವಳಿಗೆ ಎಷ್ಟು ಆಸೆಯಿತ್ತೆಂದರೆ, ಜ್ವರ ಬಂದ ಮಂಗಳವಾರವೂ ಕಂಬಳಿ ಹೊದ್ದು ಬಂದು ಕೂಡುತ್ತಿದ್ದಳು.

ಟೀವಿಯ ಹಿಂದಿ ಅವಳ ಮನೆಮಾತಿನ ದಕ್ಕನಿ ಅಲ್ಲ. ಅರ್ಧ ಅವಳಿಗೂ ತಿಳಿಯುತ್ತಿರಲಿಲ್ಲ. ತಿಳಿಯದ ಕಡೆ ಮಸ್ಕಿಯ ಸಂಸಾರಗಳಿಂದ ತಂದು ತುಂಬುತ್ತಿದ್ದಳು. ತಿಳಿದ ಕಡೆಯೂ ಬಳೆಗಾರ್ತಿಯ ಬಾಯಿಯಿಂದಲೇ ಹೇಳುತ್ತಿದ್ದಳು. ಅತ್ತೆ "ಸಾಯಿ ಹೋಗು" ಅಂದರೆ "ದೂರ ನಿಂದ್ರು ಅಂತಾಳ" ಅನ್ನುವಳು. ಗಂಡ ಹೊಡೆದದ್ದು ಕಣ್ಣಿಗೇ ಕಾಣುತ್ತಿತ್ತಲ್ಲ, ಅದನ್ನು ಮುಚ್ಚಲಾಗದೆ "ಹೊಡ್ದು ಮನಸ್ಸಿನ್ಯಾಗ ಅಳಾಕತ್ತಾನ" ಎಂದು ಸೇರಿಸುವಳು. ಹೆಂಗಸರು ಲೊಚಗುಟ್ಟಿ ನಂಬುವರು. ಆದರೂ ಅತ್ತೆಯ ಪಾತ್ರ ಮಾಡಿದ ನಟಿಗೆ ಬೈಗುಳ ತಪ್ಪಲಿಲ್ಲ. ಒಮ್ಮೆ ಆಕೆ ಸೋಪಿನ ಜಾಹೀರಾತಿನಲ್ಲಿ ನಗುತ್ತ ಬಂದಳು, ಅಂದಿನಿಂದ ಆ ಸೋಪು ನಮ್ಮ ಓಣಿಯಲ್ಲಿ ಯಾರೂ ಕೊಳ್ಳಲಿಲ್ಲ.

ಎಂಬತ್ತೆಂಟರ ದಸರೆಯ ಹೊತ್ತಿಗೆ ಕರೆಮ್ಮ ತವರಿಗೆ ಬಂದಳು. ಕಸ್ತೂರೆಮ್ಮನ ಹಿಂದಿನ ಮನೆಯ ಅಮರಮ್ಮನ ಹಿರಿಮಗಳು. ಎರಡು ವರ್ಷದ ಹಿಂದೆ ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಫ್ಟ್ ಮಾಡುವ ವೆಂಕೋಬನಿಗೆ ಕೊಟ್ಟಿದ್ದರು. ಕಂಪನಿ ಕ್ವಾರ್ಟರ್ಸು, ನಳದ ನೀರು, ಊರಿಗೇ ಹೊಟ್ಟೆಕಿಚ್ಚಿನ ಸಂಬಂಧ ಅದು. ಹಬ್ಬಕ್ಕೆಂದು ಬಂದವಳು ಹಬ್ಬ ಮುಗಿದರೂ ಹೋಗಲಿಲ್ಲ. ಮಕ್ತುಂಬೀ ಬಳೆ ಇಡಲು ಕುಪ್ಪಸದ ತೋಳು ಸರಿಸಿದಾಗ ಮೊಣಕೈ ಮೇಲೆ ಸೌಟಿನ ಆಕಾರದ ಸುಟ್ಟ ಗಾಯ ಕಂಡಿತು. ಒಂದಲ್ಲ, ಮೂರು.

"ನಮ್ಮವ್ವಗೂ ತೋರಿಸಿಲ್ಲ, ಚಿಗವ್ವ," ಅಂದಳು ಕರೆಮ್ಮ. "ನೀ ಯಾರಿಗೂ ಹೇಳಬ್ಯಾಡ."

ಮಕ್ತುಂಬೀ ಆ ಗಾಯಗಳ ಸುತ್ತ ಬೆರಳಾಡಿಸಿ, ಬಳೆ ಇಟ್ಟು, ತೋಳು ಕೆಳಗಿಳಿಸಿದಳು.

ಆ ದಿನಗಳಲ್ಲಿ ಸುಲಕ್ಕನೂ ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದಳು. ಕರೆಮ್ಮ ಮಂಗಳವಾರ ಎಲ್ಲರಿಗಿಂತ ಮುಂಚೆ ಬಂದು ಮಕ್ತುಂಬೀಯ ಮಗ್ಗುಲಲ್ಲೇ ಕೂಡುತ್ತಿದ್ದಳು. ಮನೆಯಲ್ಲಿ ತಾಯಿ ಗದರಿದರೆ, ಹಿರಿಯರು ಬುದ್ಧಿ ಹೇಳಿದರೆ, ಒಂದೇ ಉತ್ತರ. "ಸುಲಕ್ಕ ಏನ್ ಮಾಡ್ತಾಳ ನೋಡ್ತೀನಿ." ನಗುವವರು ನಕ್ಕರು. ಆದರೆ ಹುಡುಗಿಗೆ ಅದು ತಮಾಷೆಯಾಗಿರಲಿಲ್ಲ. ಕೇಳಲು ಅವಳಿಗೆ ಬೇರೆ ಯಾರಿದ್ದರು?

ವೆಂಕೋಬ ಹೆಂಡತಿಯನ್ನು ಕರೆದೊಯ್ಯಲು ಬುಧವಾರ ಬರುತ್ತೇನೆಂದು ಹೇಳಿ ಕಳಿಸಿದ. ಹಿಂದಿನ ದಿನ ಮಂಗಳವಾರ. ಆ ವಾರದ ಕತೆಯಲ್ಲಿ ಸುಲಕ್ಕನ ಗಂಡನೂ ಅವಳನ್ನು ಕರೆಯಲು ಬರುವವನಿದ್ದ. ಮಧ್ಯಾಹ್ನ ಅಮರಮ್ಮ ಮಕ್ತುಂಬೀಯ ಮನೆಗೇ ಬಂದಳು.

"ಮಕ್ತುಂಬೀ, ನಿನ್ನ ಕಾಲಿಗೆ ಬೀಳ್ತೀನಿ. ಸುಲಕ್ಕ ಹೋದ್ರ ನಾನೂ ಹೋಗ್ತೀನಿ ಅಂತ ಹಟ ಹಿಡದಾಳ. ಹಿಂದ ಇನ್ನೂ ಇಬ್ರು ಹೆಣ್ಣಮಕ್ಕಳು ಅದಾರ. ಅಕ್ಕ ಗಂಡನ್ನ ಬಿಟ್ಟು ಕುಂತಾಳ ಅಂದ್ರ ಅವ್ರನ್ನ ಕೇಳಾಕ ಯಾರು ಬರ್ತಾರ?"

"ಟೀವ್ಯಾಗ ಆಕಿ ಏನಂತಾಳೋ ನನಗೇನ್ ಗೊತ್ತವ್ವ?"

"ಆಕಿ ಏನರ ಅನ್ಲಿ. ನೀ ಒಳ್ಳೇದು ಹೇಳು."

ಆ ಗಾಯದ ಮಾತನ್ನು ಅಮರಮ್ಮನ ಮುಂದೆ ಆಗಲೇ ಹೇಳಬಹುದಿತ್ತು. ಯಾರಿಗೂ ಹೇಳಬೇಡ ಅಂದಿದ್ದಾಳೆ ಎಂಬ ನೆವ ಸಿಕ್ಕಿತು. ಮಕ್ತುಂಬೀ ಆಗಲಿ ಎಂದು ತಲೆಯಾಡಿಸಿದಳು.

ಅಂದು ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೀವಿಯಲ್ಲಿ ಗಂಡ ಬಂದ, ಕೈ ಮುಗಿದ. ಸುಲಕ್ಕ ಬಾಗಿಲಲ್ಲಿ ನಿಂತು ತಣ್ಣಗಿನ ದನಿಯಲ್ಲಿ ಒಂದೇ ಮಾತು ಅಂದಳು. "ಸಮಝ್ ಲೀಜಿಯೇ, ಉಸ್ ಘರ್ ಕೇ ಲಿಯೇ ಮೈ ಮರ್ ಚುಕೀ ಹೂಂ." ಆ ಮನೆಯ ಪಾಲಿಗೆ ನಾನು ಸತ್ತೆನೆಂದು ತಿಳಿಯಿರಿ. ಅವಳ ಮುಖ ತೋರಿಸುತ್ತಲೇ ಆ ವಾರದ ಕತೆ ಮುಗಿಯಿತು.

ಈ ಮಾತು ಮಕ್ತುಂಬೀಗೆ ಅಕ್ಷರ ಅಕ್ಷರ ತಿಳಿಯಿತು. ಇಪ್ಪತ್ತು ಮುಖಗಳು ಅವಳ ಕಡೆ ತಿರುಗಿದವು. ಕರೆಮ್ಮ ಅವಳ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಅಮರಮ್ಮ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ತುಂಬಿದ ಮನೆಯಲ್ಲಿ, ಮುತ್ತೈದೆಯ ಕೈ ತನ್ನ ಕೈಯಲ್ಲಿರುವಾಗ, ಸತ್ತೆ ಎಂಬ ಮಾತನ್ನು ಆ ನಾಲಿಗೆ ಹೇಗೆ ಆಡೀತು?

"ಆ ಮನಿ ಸಲುವಾಗಿ ಜೀವ ಬೇಕಾದ್ರೂ ಕೊಡ್ತೀನಿ ಅಂತಾಳವ್ವ," ಅಂದಳು ಮಕ್ತುಂಬೀ. "ಹೊಂಟಾಳ, ಗಂಡನ ಮನಿಗೆ."

ಶಬ್ದಗಳು ಹೆಚ್ಚುಕಡಿಮೆ ಅವೇ. ಅರ್ಥ ಮಾತ್ರ ತಿರುಗಿ ನಿಂತಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು, ಹೆಣ್ಣಂದ್ರ ಹಿಂಗಿರಬೇಕು ಅಂದರು. ಕರೆಮ್ಮ ಹಿಡಿದ ಕೈ ಬಿಟ್ಟಳು. ಮರುದಿನ ಗಂಡನ ಹಿಂದೆ ಲಿಂಗಸುಗೂರಿನ ಬಸ್ಸು ಹತ್ತಿದಳು, ಅಲ್ಲಿಂದ ಹಟ್ಟಿಗೆ.

ಮುಂದಿನ ವಾರಗಳಲ್ಲಿ ಸುಲಕ್ಕ ಬೇರೆ ಊರಲ್ಲಿ ಒಬ್ಬಳೇ ಕೋಣೆ ಹಿಡಿದು ಸಾಲೆಯಲ್ಲಿ ಪಾಠ ಹೇಳತೊಡಗಿದಳು. ಗಂಡ ಎಲ್ಲೇ ಅಂತ ಹೆಂಗಸರು ಕೇಳಿದರು. "ಅವಗ ವರ್ಗ ಆಗೈತಿ," ಅಂದಳು ಮಕ್ತುಂಬೀ. ಆ ವರ್ಗ ಸೀರಿಯಲ್ಲು ಮುಗಿಯುವ ತನಕವೂ ರದ್ದಾಗಲಿಲ್ಲ. ಎರಡು ವರ್ಷ ಒಂದು ಸುಳ್ಳನ್ನು ವಾರಕ್ಕೊಮ್ಮೆ ತೇಪೆ ಹಚ್ಚಿ ಸಾಕಿದಳು ಪುಣ್ಯಾತ್ಗಿತ್ತಿ.

ತೊಂಬತ್ತೊಂದರಲ್ಲಿ ನಡುವಿನ ತಂಗಿಯ ಮದುವೆಗೆ ಕರೆಮ್ಮ ಬಂದಾಗ ಅವಳ ಬಲಗೈಗೆ ಹಳೆಯ ಅಳತೆಯ ಬಳೆ ಏರಲಿಲ್ಲ. ಮುಂಗೈ ಎಲುಬು ಮುರಿದು, ವಾರೆಯಾಗಿ ಕೂಡಿತ್ತು. ಬಚ್ಚಲಲ್ಲಿ ಜಾರಿ ಬಿದ್ದೆ ಅಂದಳು. ಮಕ್ತುಂಬೀ ದೊಡ್ಡ ಅಳತೆಯ ಬಳೆ ತೆಗೆದಳು. ಇಡುವಾಗ ಎರಡು ಒಡೆದವು. "ಹೆಚ್ಚಾದುವವ್ವ," ಅನ್ನಲು ಹೋದವಳು ಅರ್ಧಕ್ಕೇ ಬಿಟ್ಟು ಚೂರುಗಳನ್ನು ಸೆರಗಿಗೆ ಆರಿಸಿಕೊಂಡಳು. ಅಂದು ಮನೆಗೆ ಹೋಗಿ ಮಲಾರವನ್ನು ಮೂಲೆಗಿಟ್ಟು, ಗಂಡ ಸತ್ತಾಗಲೂ ಅಳದಷ್ಟು ಅತ್ತಳು.

ತೊಂಬತ್ತಾರರ ಹೊತ್ತಿಗೆ ಕೇಬಲ್ಲು ಬಂದು ಕನ್ನಡದ ಸೀರಿಯಲ್ಲುಗಳೇ ಶುರುವಾಗಿದ್ದವು. ಮಕ್ತುಂಬೀಯ ಕಂಬಕ್ಕೆ ಈಗ ಫ್ರಿಜ್ಜು ಒರಗಿತ್ತು. ಆ ವರ್ಷ ಸುಲಕ್ಷಣೆಯ ಪಾತ್ರ ಮಾಡಿದ್ದ ನಟಿ ತೀರಿಕೊಂಡಳು. ಇನ್ನೂ ನಲವತ್ತು ತುಂಬಿರಲಿಲ್ಲ. ಸುದ್ದಿ ಪೇಪರಿನಲ್ಲಿ ಬಂದಾಗ ಓಣಿಯ ನಾಲ್ಕು ಮನೆಗಳಲ್ಲಿ ಒಲೆ ತಡವಾಗಿ ಹೊತ್ತಿತು. ಯಾವ ಊರಿನ ಯಾರ ಮಗಳೋ ಗೊತ್ತಿಲ್ಲ, ನಮ್ಮ ಹುಡುಗಿ ಹೋದಂತೆ ಆಯಿತು ಎಲ್ಲರಿಗೂ. ಅವಳ ನೆನಪಿಗೆಂದು ಮುಂದಿನ ಭಾನುವಾರ ಮಧ್ಯಾಹ್ನ ಟೀವಿಯವರು ಹಳೆಯ ಸೀರಿಯಲ್ಲಿನ ಆಯ್ದ ದೃಶ್ಯಗಳನ್ನು ಹಾಕಿದರು. ಕಸ್ತೂರೆಮ್ಮ ಎಲ್ಲರನ್ನೂ ಕರೆಸಿದಳು. ಕಿರಿಯ ತಂಗಿಯ ಮದುವೆಗೆ ಬಂದಿದ್ದ ಕರೆಮ್ಮನೂ ತಾಯಿಯ ಜೊತೆ ಬಂದಳು. ಮಕ್ತುಂಬೀ ಅವಳ ಕಣ್ಣು ತಪ್ಪಿಸಿ ಹಿಂದೆ ಕೂತಳು. ಆಮೇಲಿನ ಎಂಟು ವರ್ಷ ಹಟ್ಟಿಯ ಕ್ವಾರ್ಟರ್ಸಿನಲ್ಲಿ ಹತ್ತು ಕಡೆಯ ಜನರ ನಡುವೆ ಇದ್ದ ಕರೆಮ್ಮ ಈಗ ಹಿಂದಿಯನ್ನು ಸರಾಗ ಆಡುತ್ತಿದ್ದಳು.

ಅದೇ ಬಾಗಿಲು ಬಂತು, ಅದೇ ಗಂಡ ಕೈ ಮುಗಿದ. ಸುಲಕ್ಕ ಅದೇ ತಣ್ಣಗಿನ ದನಿಯಲ್ಲಿ ಅದೇ ಮಾತು ಅಂದಳು. ಹೆಂಗಸರೆಲ್ಲ ಸತ್ತವಳಿಗಾಗಿ ಅಳುತ್ತಿದ್ದರು, ಅಮರಮ್ಮನೂ ಅತ್ತಳು. ಕರೆಮ್ಮ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂತಳು. ಮಕ್ತುಂಬೀ ಹಿಂದೆಯೇ ಹೋಗಿ ಅವಳ ಕಾಲ ಬಳಿ ಕುಸಿದಳು.

"ಸುಳ್ಳು ಹೇಳಿದ್ನಿ ನನ್ನವ್ವ. ಆಕಿ ಅವತ್ತೂ ಹಿಂಗ ಅಂದಿದ್ಲು. ನಾ ತಿರುಗಿಸಿ ಹೇಳಿದ್ನಿ. ನಿಮ್ಮವ್ವ ಬೇಡಿಕೊಂಡ್ಲು, ನನ್ನ ಬಾಯಿಗೂ ಆ ಮಾತು ಬರಲಿಲ್ಲ."

"ನನಗ ಗೊತ್ತೈತಿ, ಚಿಗವ್ವ," ಅಂದಳು ಕರೆಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತ ಹಟ್ಟಿಗೆ ಹೋಗಿ ಒಂದ್ ವಾರದಾಗ ಗೊತ್ತಾತು. ಬಾಜೂ ಮನಿ ನಜಮಾ ಹೇಳಿದ್ಲು. ಸುಲಕ್ಕ ಗಂಡನ್ನ ವಾಪಸ್ ಕಳಿಸಿಬಿಟ್ಲು, ಭೇಷ್ ಮಾಡಿದ್ಲು ಅಂತ ನಗಾಕತ್ತಿದ್ಲು."

ಮಕ್ತುಂಬೀ ದಂಗಾಗಿ ಮುಖ ನೋಡಿದಳು. "ಗೊತ್ತಾದ ಮ್ಯಾಲ ಯಾಕ ತಿರುಗಿ ಬರಲಿಲ್ಲ? ಬಂದುಬಿಡಬೇಕಿತ್ತಲ್ಲ, ನನ್ನ ಮನಿಗೆ ಬರಬೇಕಿತ್ತಲ್ಲ?"

ಕರೆಮ್ಮ ವಾರೆಯಾದ ಮುಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನ್ನ ಕೈ ಸುಟ್ಟಿದ್ದು ಮಸ್ಕ್ಯಾಗ ನೀ ಒಬ್ಬಾಕಿ ನೋಡಿದ್ದಿ. ನೋಡಿದಾಕೀನೇ ಹೋಗು ಅಂದ ಮ್ಯಾಲ ಇನ್ಯಾರ ಮನಿಗೆ ಬರಲಿ?"

ತಂಗಿಯ ಮದುವೆ ಮುಗಿಸಿಕೊಂಡು ಕರೆಮ್ಮ ಹಟ್ಟಿಗೆ ಹೋದಳು. ಆ ಮದುವೆಗೆ ಬಳೆ ಇಡಲು ಮಕ್ತುಂಬೀ ಬರಲಿಲ್ಲ, ಲಿಂಗಸುಗೂರಿನಿಂದ ಬೇರೆಯವರನ್ನು ಕರೆಸಿದರು. ಕೆಲವು ತಿಂಗಳ ಮೇಲೆ ಕಸ್ತೂರೆಮ್ಮ ಹೊಸದೊಂದು ಹಿಂದಿ ಸೀರಿಯಲ್ಲು ನೋಡುತ್ತ, ಬೀದಿಯಲ್ಲಿ ಹೋಗುತ್ತಿದ್ದ ಅವಳನ್ನು ಹಿಂದಿನಂತೆಯೇ ಕೂಗಿದಳು. "ಮಕ್ತುಂಬೀ, ಬಾರಬೇ, ಈ ಹುಡುಗಿ ಏನಂತಾಳ ಹೇಳು ಬಾ."

ಮಕ್ತುಂಬೀ ಬಾಗಿಲಲ್ಲಿ ನಿಂತಳು. ಒಳಗೆ ಯಾವಳೋ ಸೊಸೆ ಬಿಕ್ಕುತ್ತ ಏನೋ ಹೇಳುತ್ತಿದ್ದಳು. ಪ್ರತಿ ಮಾತೂ ಅವಳಿಗೆ ತಿಳಿಯುತ್ತಿತ್ತು.

"ನನಗ ಹಿಂದಿ ಬರಾಂಗಿಲ್ಲವ್ವ," ಅಂದಳು.