ಹೆಣ ಕಾಯುವ ಭಾವ

ನನ್ನ ಅಕ್ಕನ ಗಂಡನಿಗೆ ಕೇಬಲ್ ಫ್ಯಾಕ್ಟರಿಯಲ್ಲಿ ಇಟ್ಟಿದ್ದ ಹೆಸರು 'ಹೆಣ ಕಾಯೋನು'. ಹೈವೋಲ್ಟೇಜ್ ಕೇಬಲ್ ಟೆಸ್ಟ್ ಮಾಡುವುದು ಅವರ ಕೆಲಸ. ಟೆಸ್ಟ್ ಮುಗಿದು ಕರೆಂಟ್ ತೆಗೆದ ಮೇಲೂ, ಕೇಬಲ್ಲಿನ ತುದಿಗೆ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ಸಿಕ್ಕಿಸಿ, ಕೇಬಲ್ ಸುತ್ತಿದ ಮರದ ಡ್ರಮ್ಮಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದರು.

"ಸತ್ತ ಕೇಬಲ್ಲಿಗೆ ಇನ್ನೂ ಎಷ್ಟು ಹೊತ್ತು ಕಾವಲು ಭಾವ?" ಎಂದು ಡ್ರಮ್ಮಿಗೆ ಹಲಗೆ ಹೊಡೆಯುವ ನಾನೇ ರೇಗುತ್ತಿದ್ದೆ.

"ಇದು ಎದ್ದು ಕೂರೋ ಹೆಣ ಕಣಯ್ಯಾ. ತಾಮ್ರ ಬೇಗ ಮರೆಯುತ್ತೆ, ಮೇಲಿನ ಪ್ಲಾಸ್ಟಿಕ್ ಮರೆಯಲ್ಲ. ಕುಡಿದಿದ್ದನ್ನ ಹೊಟ್ಟೇಲಿಟ್ಕೊಂಡು ನಿಧಾನಕ್ಕೆ ಕಕ್ಕುತ್ತೆ. ತಂತಿ ಬೇಗ ಬಿಚ್ಚಿದ್ರೆ ಮುಟ್ಟಿದೋನ ಕಥೆ ಮುಗೀತು."

ನನ್ನ ತಮ್ಮನನ್ನು ಅಲ್ಲಿ ಕೆಲಸಕ್ಕೆ ಸೇರಿಸಿದ್ದೂ ಭಾವನೇ. ಒಂದು ದಿನ ಭಾವ ಊಟಕ್ಕೆ ಹೋಗಿದ್ದಾಗ, ಲಾರಿ ಕಾಯುತ್ತಿದೆ ಎಂದು ಸಾಹೇಬ ಕೂಗಾಡಿದ. ಪುಕ್ಕಲ ತಮ್ಮ ತಂತಿ ಬಿಚ್ಚಿ, ಒತ್ತಿಕೊಂಡೇ ಇದ್ದ ಪಕ್ಕದ ಡ್ರಮ್ಮಿನ ಕೇಬಲ್ಲಿಗೆ ಸಿಕ್ಕಿಸಿದ; ದೂರದಿಂದ ನೋಡಿದರೆ ತಂತಿ ಯಾವುದಕ್ಕಿದೆ ಎಂದು ತಿಳಿಯುತ್ತಿರಲಿಲ್ಲ. ಭಾವ ಕೈ ಒರೆಸಿಕೊಳ್ಳುತ್ತಾ ಬಂದರು.

"ತಂತಿ ಇದೆಯೇನೋ?"

"ಇದೆ ಭಾವ." ಬೈಸಿಕೊಳ್ಳುವ ಭಯಕ್ಕೆ ಸುಳ್ಳು.

ನಾನು ಸುತ್ತಿಗೆ ಬಿಸಾಕಿ ಕೂಗುವಷ್ಟರಲ್ಲಿ ಭಾವ ತುದಿ ಮುಟ್ಟಿಯಾಗಿತ್ತು.

ಜೀವ ಉಳಿಯಿತು. ಬಲಗೈ ಬೆರಳುಗಳು ಸುಟ್ಟು ಮುರುಟಿದವು. ವಿಚಾರಣೆಯಲ್ಲಿ, "ನಾನೇ ಮರೆತು ಬಿಚ್ಚಿದ್ದೆ" ಎಂದುಬಿಟ್ಟರು. ಅಕ್ಕನ ಮೇಲೆ ಆಣೆ ಹಾಕಿಸಿ ನನ್ನ ಬಾಯಿಗೂ ಬೀಗ ಜಡಿದರು. "ಹೋದ ಕೈ ಬರಲ್ಲ. ಅವನ ಅನ್ನ ಯಾಕೆ ಕೀಳೋದು?" ಎಂದರು. ಅಷ್ಟು ಜೋಪಾನದ ಮನುಷ್ಯನಿಗೆ ಬೇಜವಾಬ್ದಾರಿ ಎಂಬ ಹಣೆಪಟ್ಟಿ ಹಚ್ಚಿ ಮನೆಗೆ ಕಳಿಸಿದರು. ಅವರ ಜಾಗ ತಮ್ಮನಿಗೆ ಸಿಕ್ಕಿತು.

ಮೊನ್ನೆ ಆ ಮಹಾಶಯ ಹಣ್ಣು ಹಿಡಿದು ಬಂದ. ಭಾವ ಎಡಗೈಯಲ್ಲಿ ತೆಗೆದುಕೊಂಡು ಕೇಳಿದ್ದು ಒಂದೇ ಮಾತು: "ತಂತಿ ಸಾಕಷ್ಟು ಹೊತ್ತು ಬಿಡ್ತೀಯ ತಾನೆ?"

"ಎಲ್ಲಿ ಭಾವ! ನಿಮ್ಮ ಹಾಗೆ ಹೆಣ ಕಾಯ್ತಾ ಕೂತ್ರೆ ಲಾರಿ ಹೊರಡುತ್ತಾ?"

ಕೆನ್ನೆಗೆ ಬಾರಿಸಲು ಎದ್ದೆ. ಭಾವ ತಡೆದರು. ಅವನು ಹೋದ ಮೇಲೆ, "ಆ ಆಣೆಯಿಂದ ನಿನ್ನ ಬಿಟ್ಟೆ. ನಾಳೆ ಸಾಹೇಬನ ಹತ್ರ ಹೋಗ್ತೀನಿ, ನೀನೂ ಬಾ" ಎಂದರು.

ಮರುದಿನ ಅಕ್ಕ ಭಾವನ ಅಂಗಿಯ ಗುಂಡಿ ಹಾಕಿ ಕಳಿಸಿದಳು. ಸಾಹೇಬನೆದುರು ನಿಂತು ಭಾವ ನಡೆದದ್ದನ್ನೆಲ್ಲ ಹೇಳಿದರು. ನಾನು ಕಣ್ಣಾರೆ ಕಂಡದ್ದನ್ನು ಹೇಳಿದೆ.

"ಅವತ್ತು ನೀನೇ ಬಿಚ್ಚಿದೆ ಅಂದೆ. ಈಗ ಹೊಟ್ಟೆಕಿಚ್ಚಿಗೆ ಬಾಮೈದನ ಮೇಲೆ ಹಾಕ್ತೀಯಾ?" ಸಾಹೇಬ ತಲೆಯನ್ನೂ ಎತ್ತಲಿಲ್ಲ.

ಹೊರಗೆ ಬಂದರೆ, ಶೆಡ್ಡಿನಲ್ಲಿ ತಮ್ಮ ಆಗತಾನೆ ಟೆಸ್ಟ್ ಆದ ಕೇಬಲ್ಲಿನ ತಂತಿ ಬಿಚ್ಚುತ್ತಿದ್ದ. ಸ್ಟೂಲಿನ ಮೇಲೆ ಯಾರದೋ ಊಟದ ಡಬ್ಬಿ ಇತ್ತು.

"ಮುಟ್ಟಬೇಡ್ವೋ!" ಭಾವ ಕಿರುಚಿದರು.

"ಹೆಣ ಕಾಯೋನು ಬಂದ" ಎಂದು ಯಾರೋ ನಕ್ಕರು. ತಮ್ಮನೂ ನಕ್ಕ.