ಗೋಣಿಚೀಲದ ಒಂದು ಕಿಲೋ

ಚೀಟಿಯಲ್ಲಿ ಚೀಲದ ತೂಕ ಒಂದು ಕಿಲೋ ಎಂದು ಅಚ್ಚಾಗಿತ್ತು. ಚೀಲವೋ ಪ್ಲಾಸ್ಟಿಕ್ಕಿನದು, ಮುದುರಿದರೆ ಅಂಗೈಯಲ್ಲಿ ಹಿಡಿಸುವಂಥದ್ದು.

ಅರಸೀಕೆರೆಯಲ್ಲಿ ದೊಡ್ಡಪ್ಪನದು ಕೊಬ್ಬರಿ ಮಂಡಿ. ತುಂಬಿದ ಚೀಲ ತೂಗಿ, ಖಾಲಿ ಚೀಲದ ತೂಕ ಕಳೆದು ಚೀಟಿ ಕೊಡುವ ಪೈಥಾನ್ ಪ್ರೋಗ್ರಾಂ ಬರೆದವನು ಅವರ ಮಗ, ನನಗೆ ಅಣ್ಣ. ಎಲ್ಲರೂ ಗೋಣಿಚೀಲವನ್ನೇ ತರುತ್ತಿದ್ದರಿಂದ ಪ್ರೋಗ್ರಾಮಿನ ದೋಷ ಅದುವರೆಗೆ ಬಯಲಾಗಿರಲಿಲ್ಲ. ಅವತ್ತು ಕಣಕಟ್ಟೆಯಿಂದ ಬಂದ ಹೆಂಗಸೊಬ್ಬರು ಪ್ಲಾಸ್ಟಿಕ್ ಚೀಲಗಳಲ್ಲಿ ತಂದರು. ಕೌಂಟರಿನಲ್ಲಿದ್ದ ನಾನು ಪ್ಲಾಸ್ಟಿಕ್ ಎಂದೇ ಒತ್ತಿದೆ. ತೂಕ ಕಡಿಮೆ ಬಂತೆಂದು ಅವರು ಹೇಳಿದಾಗ ದೊಡ್ಡಪ್ಪ ಪರದೆ ತೋರಿಸಿದರು. ಅಲ್ಲಿ ಪ್ಲಾಸ್ಟಿಕ್ ಎಂದೇ ಇತ್ತು. ಆ ಹೆಂಗಸು ಜಗಳವಾಡಲಿಲ್ಲ.

"ನೀವು ಹಿಂಗ್ ಮಾಡಾಕಿಲ್ಲ ಅಂತ್ಲೇ ಇಲ್ಲಿಗ್ ಬತ್ತಿದ್ದೆ ಕಣ್ರೀ," ಎಂದು ಹೇಳಿ ಬಸ್ಸಿಗೆ ಹೊರಟುಹೋದರು.

ಆಮೇಲೆ ಚೀಟಿಯ ನಮ್ಮ ಪ್ರತಿ ನೋಡಿದರೆ, ಗೋಣಿಗೆ ಕಳೆಯುವ ಆ ಒಂದು ಕಿಲೋ. ಚೀಲ ಚೀಲಕ್ಕೂ.

ಅಣ್ಣನನ್ನು ಕೇಳಿದೆ. "ಗ್ಲೋಬಲ್ ಅಂತ ಹಾಕಿದೀನಲ್ಲೇ, ಎಲ್ಲಾ ಕಡೆಗೂ ಒಂದೇ ಅಂತ, ಇನ್ನೇನು ಬೇಕು ನಿಂಗೆ?" ಎಂದ. ಹಾಕಿದ್ದ ನಿಜ, ಕಂಡಕಂಡಲ್ಲೆಲ್ಲ. ಗ್ಲೋಬಲ್ ಎನ್ನುವುದು ಆಯಾ ಫೈಲಿನೊಳಗೆ ಮಾತ್ರ ಎಂದು ಹೇಳಿದೆ. ತೂಕದ ಫೈಲು ಶುರುವಾಗುವಾಗಲೇ ಸೆಟ್ಟಿಂಗ್ಸ್ ಫೈಲಿನಿಂದ ಗೋಣಿಯ ತೂಕ ತಂದು ತನ್ನದೇ ಹೆಸರಿನಲ್ಲಿ ಇಟ್ಟುಕೊಂಡಿದೆ. ಆಮೇಲೆ ನಾವು ಪ್ಲಾಸ್ಟಿಕ್ ಎಂದು ಒತ್ತಿ ಸೆಟ್ಟಿಂಗ್ಸಿನಲ್ಲಿ ತೂಕ ಬದಲಾದರೂ ಅದಕ್ಕೆ ಗೊತ್ತಾಗುವುದಿಲ್ಲ. ಹಲಗೆಯ ಮೇಲಿನ ದರವನ್ನು ಬೆಳಿಗ್ಗೆ ಕೈಮೇಲೆ ಬರೆದುಕೊಂಡವನು ಸಂಜೆತನಕ ಕೈಯನ್ನೇ ನೋಡುತ್ತಿದ್ದ ಹಾಗೆ ಎಂದೂ ಹೇಳಿದೆ. ಅಣ್ಣ ತಲೆಯಾಡಿಸಿ, ಹಾಗಾದರೆ ತೂಕದ ಫೈಲಿನಲ್ಲೂ ಬದಲಾಯಿಸೋಕೆ ಇನ್ನೊಂದು ಬಟನ್ ಕೊಡುತ್ತೇನೆ ಎಂದ.

"ನಾಳೆ ಮೂರನೇ ಫೈಲಿಗೆ ಬೇಕಾದರೆ?"

"ಮೂರನೇ ಬಟನ್ ಕಣೇ."

ನಾನು ಮಾತಾಡುವುದು ಬಿಟ್ಟು ಕೀಬೋರ್ಡು ಎಳೆದುಕೊಂಡೆ. ಶುರುವಿನಲ್ಲೇ ಸಂಖ್ಯೆಯನ್ನು ತಂದಿಟ್ಟುಕೊಳ್ಳುವ ಬದಲು ಸೆಟ್ಟಿಂಗ್ಸ್ ಫೈಲನ್ನೇ ಜೋಡಿಸಿ, ಪ್ರತಿ ಸಲವೂ ಅದನ್ನೇ ಕೇಳುವಂತೆ ಬರೆದೆ. ಅವನ ಗ್ಲೋಬಲ್‌ಗಳನ್ನು ಒಂದೊಂದಾಗಿ ಅಳಿಸುತ್ತಿದ್ದರೆ, ಓದಿದೋರ ಕೈಗೆ ಕೊಟ್ಟರೆ ಇಷ್ಟೇ ಎಂದು ಹಿಂದಿನಿಂದ ಗೊಣಗುತ್ತಿದ್ದ. ಆ ಹೆಂಗಸಿನ ಲೆಕ್ಕಕ್ಕೆ ತೆಗೆದ ಹೊಸ ಚೀಟಿಯಲ್ಲಿ ತೂಕ ಸರಿಯಾಗಿ ಬಂತು.

ದೊಡ್ಡಪ್ಪ ಅದನ್ನು ನೋಡಿ, ಮುಂದಿನ ಸಲ ಬಂದಾಗ ಸರಿಮಾಡಿ ಕೊಡೋಣ ಎಂದರು.

"ಅವರು ಬರಲ್ಲ ದೊಡ್ಡಪ್ಪ," ಎಂದೆ.

ಮರುದಿನ ಬೆಳಿಗ್ಗೆ ಅಣ್ಣನನ್ನು ಎಬ್ಬಿಸಿ ಕಣಕಟ್ಟೆ ಬಸ್ಸು ಹತ್ತಿಸಿ, ನಾನೂ ಹತ್ತಿದೆ. ಆ ಹೆಂಗಸಿನ ಮನೆ ಹುಡುಕಿ, ಹೊಸ ಚೀಟಿ ಕೊಟ್ಟು, ತಪ್ಪು ಎಲ್ಲಿತ್ತೆಂದು ಅವನ ಬಾಯಿಂದಲೇ ಹೇಳಿಸಿದೆ.